ಲಾಲ್‌ಬಾಗಿನಲ್ಲಿ ಯಾವ ಮರದ ಕೆಳಗೆ ನಿಲ್ಲಬಾರದು

ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನಲ್ಲಿ, ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ, ಬೆಂಗಳೂರಿನ ಲಾಲ್‌ಬಾಗಿನ ಸುತ್ತ ಹೆಚ್ಚು ಕೇಳಿಬರುವ ಪ್ರಶ್ನೆ ಒಂದೇ: ‘ಯಾವ ಗೇಟು?’

‘ಗೇಟ್ ಹತ್ರಾನೇ ಇದೀನಿ ಕಣಮ್ಮ.’

‘ನಾನೂ ಗೇಟ್ ಹತ್ರಾನೇ ಇದೀನಲ್ಲೋ!’

ಇಬ್ಬರೂ ಸತ್ಯವಂತರೇ. 240 ಎಕರೆ ತೋಟ, ನಾಲ್ಕು ದಿಕ್ಕಿಗೆ ನಾಲ್ಕು ಗೇಟು. ಮೆಟ್ರೋ ಇಳಿದ ಮಗ ಪಶ್ಚಿಮದಲ್ಲಿ, ಬಸ್ಸಿಳಿದ ಅಮ್ಮ ಇನ್ನೊಂದು ದಿಕ್ಕಿನಲ್ಲಿ, ಟಿಕೆಟ್ಟು ಮಗನ ಮೊಬೈಲಿನಲ್ಲಿ. ‘ಗಾಜಿನ ಮನೆ ಹತ್ರ ಸಿಗೋಣ’ ಎಂದರೆ ಕೆಟ್ಟಿರಿ, ಊರಿಗೆ ಊರೇ ಅಲ್ಲಿರುತ್ತದೆ. ಹೊರಡುವ ಮುಂಚೆ ಗೇಟನ್ನು ದಿಕ್ಕಿನ ಸಮೇತ ಹೇಳಿಕೊಳ್ಳಿ. ಒಳಗೆ ತಪ್ಪಿಸಿಕೊಂಡರೆ ಸೇರಲು ಹೂವಿನ ಗಡಿಯಾರ ವಾಸಿ.

ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದು 1889ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕಾವನ್ನು ಅಷ್ಟು ಸಲೀಸಾಗಿ ಹೊರಗೆ ಬಿಡುವುದಿಲ್ಲ. ಭಾನುವಾರ ಮಧ್ಯಾಹ್ನ ಅದರೊಳಗೆ ಸಾವಿರಾರು ಜನ ಸೇರಿದರೆ ಬೇಯುವುದು ಹೂವೊಂದೇ ಅಲ್ಲ. ಸಾಲು ಒಂದೇ ದಿಕ್ಕಿಗೆ ಹರಿಯುತ್ತದೆ. ಸೆಲ್ಫಿಗೆಂದು ಒಬ್ಬರು ನಿಂತರೆ ಹಿಂದೆ ಮೂರು ತಲೆಮಾರು ನಿಲ್ಲಬೇಕು. ಕತ್ತರಿಸಿ ಜೋಡಿಸಿದ ಗುಲಾಬಿ ಆ ಕಾವಿನಲ್ಲಿ ನಾಲ್ಕೈದು ದಿನಕ್ಕೆ ತಲೆ ಬಗ್ಗಿಸುತ್ತದೆ. ಅದಕ್ಕೇ ಪ್ರದರ್ಶನದ ನಡುವೆ ಹೂ ಬದಲಾಯಿಸುತ್ತಾರೆ. ಬದಲಾಯಿಸುವ ಹಿಂದಿನ ದಿನ ಹೋದವರ ಫೋಟೋದಲ್ಲಿ ಹೂವಿನಲ್ಲಿ ಕಟ್ಟಿದ ದೇವಸ್ಥಾನದ ಗೋಪುರಕ್ಕೆ ಕಾಮಾಲೆ ಬಂದಂತೆ ಕಾಣುತ್ತದೆ. ಶುರುವಾದ ಮೊದಲೆರಡು ದಿನ, ಅದೂ ಕೆಲಸದ ದಿನ, ಬೆಳಗ್ಗೆ ಬೇಗ ಹೋದರೆ ಹೂವಿನ ಮುಖವನ್ನೂ ನೋಡಬಹುದು, ಜನರ ಬೆನ್ನನ್ನಷ್ಟೇ ಅಲ್ಲ.

ಆದರೂ ಲಾಲ್‌ಬಾಗಿನ ಅಸಲಿ ಪ್ರದರ್ಶನ ಮರದ ಮೇಲೆ, ಪ್ರದರ್ಶನದ ಟಿಕೆಟ್ಟಿಲ್ಲದ ದಿನಗಳಲ್ಲಿ ನಡೆಯುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂಬ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದವರು. ಚಳಿಗಾಲ ಮುಗಿಯುವಾಗ ಗುಲಾಬಿ ಬಣ್ಣದ ಟಬೆಬುಯಾ, ಫೆಬ್ರುವರಿ-ಮಾರ್ಚಿಗೆ ಹಳದಿಯದು, ಅದರ ಜೊತೆಜೊತೆಗೇ ನೀಲಿ ಜಕರಂಡ, ಏಪ್ರಿಲ್-ಮೇನಲ್ಲಿ ಕೆಂಪು ಗುಲ್‌ಮೊಹರ್. ಈ ವೇಳಾಪಟ್ಟಿಯನ್ನು ಮರಗಳು ಬಲ್ಲವು, ನಾವು ಬಲ್ಲೆವು ಅಂದುಕೊಂಡಿದ್ದೇವೆ. ಹಳದಿ ಟಬೆಬುಯಾ ಒಣಹವೆಗೆ ಎಲೆ ಉದುರಿಸಿ, ಬೋಳಾಗಿ, ಒಟ್ಟಿಗೇ ಹೂ ಬಿಡುತ್ತದೆ. ಆ ಭರಾಟೆ ಒಂದು ವಾರ, ಬಹಳವೆಂದರೆ ಹತ್ತು ದಿನ. ನಡುವೆ ಒಂದು ಜೋರು ಮಳೆ ಬಿತ್ತೋ, ಹೂವೆಲ್ಲ ನೆಲದ ಪಾಲು. ಸೋಮವಾರ ಫೋಟೋ ನೋಡಿ ‘ಈ ವಾರ ಆಗಲ್ಲ, ಮುಂದಿನ ಭಾನುವಾರ ಹೋಗೋಣ’ ಎಂದವರು ಹಳದಿ ಸೀರೆ ಉಟ್ಟು ಬಂದು ಹಸಿರು ಚಿಗುರಿನ ಮುಂದೆ ನಿಲ್ಲುತ್ತಾರೆ. ಅರಳಿದ್ದು ಕಂಡರೆ ಮಾರನೇ ದಿನ ಬೆಳಗ್ಗೆ ಹೋಗಬೇಕು. ರಜೆ ಸಿಗದಿದ್ದರೆ ಜ್ವರ ಬರಿಸಿಕೊಳ್ಳಬೇಕು.

ಇನ್ನು ನೆರಳಿನ ವಿಷಯ. ಬೇಸಿಗೆಯಲ್ಲಿ ಮಳೆಮರದ ಕೆಳಗೆ ಚಾಪೆ ಹಾಸುವವರು ಬಿದ್ದಿರುವ ಕಪ್ಪು ಕೋಡುಗಳನ್ನು ಗಮನಿಸಿ. ಅದರೊಳಗಿನ ತಿರುಳು ಸಿಹಿ, ಹಸುಗಳಿಗೆ ಬಲು ಇಷ್ಟ, ನಮಗೆ ಮಾತ್ರ ಗೋಂದು. ಒಂದನ್ನು ತುಳಿದರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮುಂದೆ ಹೋಗುತ್ತದೆ. ಜೂನ್-ಜುಲೈಗೆ ನೇರಳೆಯ ಸರದಿ. ಬಿಳಿ ಅಂಗಿ, ಬಿಳಿ ಕಾರು, ಎರಡಕ್ಕೂ ಆ ಮರದ ಕೆಳಗೆ ಜಾಗವಿಲ್ಲ. ಹಣ್ಣು ಬಿದ್ದ ಕಲೆ ಒಂದಾದರೆ, ಅದನ್ನು ತಿಂದ ಹಕ್ಕಿ ಹಾಕುವ ಕಲೆ ಇನ್ನೊಂದು. ಒಣಗುವ ಮುಂಚೆ ನಿಂಬೆರಸ ಹಚ್ಚಿ ತಣ್ಣೀರಲ್ಲಿ ತೊಳೆದರೆ ಹತ್ತಿಯ ಬಟ್ಟೆ ಬಚಾವಾಗಬಹುದು.

ನಾಗಲಿಂಗದ ಮರ ಭಕ್ತರನ್ನೂ ಬಿಡುವುದಿಲ್ಲ. ಹೂವಿನ ಪರಿಮಳಕ್ಕೆ ಕೈಮುಗಿದು ಕಾಂಡಕ್ಕೆ ಒರಗಿ ನಿಂತರೆ ನೆತ್ತಿಯ ನೇರಕ್ಕೆ ಫಿರಂಗಿ ಗುಂಡಿನ ಗಾತ್ರದ ಕಾಯಿ ಜೋತಾಡುತ್ತಿರುತ್ತದೆ. ಅದು ಬಿದ್ದು ಒಡೆದರೆ ಬರುವ ವಾಸನೆಗೂ ಹೂವಿನ ಪರಿಮಳಕ್ಕೂ ಯಾವ ನಂಟೂ ಇಲ್ಲ. ಉದ್ದ ದಾರಕ್ಕೆ ಸೋರೆಕಾಯಿ ಕಟ್ಟಿದಂತೆ ಕಾಣುವ ಕಿಗೇಲಿಯಾ ಕಾಯಿ ಇನ್ನೂ ಅಪಾಯದ್ದು, ಐದು ಕಿಲೋ ದಾಟುವುದೂ ಉಂಟು. ಪ್ರೇಮಿಗಳು ಕೂರಲು ಅದರ ಬುಡವನ್ನೇ ಯಾಕೆ ಆರಿಸುತ್ತಾರೋ, ಶಿವನೇ ಬಲ್ಲ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಗುಲ್‌ಮೊಹರ್ ಕೆಳಗೂ ನಿಲ್ಲಬೇಡಿ. ಮರ ಮೆದು, ಬೇರು ಮೇಲುಮೇಲಕ್ಕೆ. ಗುಡುಗಿತೋ, ಯಾವ ಮರವೂ ಬೇಡ.

ಎತ್ತರದ ಕೊಂಬೆಯಲ್ಲಿ ಕಪ್ಪು ಅರ್ಧಚಂದ್ರ ತೂಗಾಡುತ್ತಿದ್ದರೆ ಅದು ಹೆಜ್ಜೇನು. ಕಲ್ಲು ಹೊಡೆಯಬಾರದೆಂದು ಮಕ್ಕಳಿಗೆ ಹೇಳುವ ಅಪ್ಪಂದಿರೇ ಅದರಡಿ ಸಿಗರೇಟು ಹಚ್ಚುತ್ತಾರೆ. ಹೊಗೆಯೂ ಕಲ್ಲಿನಷ್ಟೇ ಕೆಣಕುತ್ತದೆ. ಒಂದು ನೊಣ ಕಚ್ಚಿದಾಗ ಬಿಡುವ ಎಚ್ಚರಿಕೆಯ ರಾಸಾಯನಿಕ ಬಾಳೆಹಣ್ಣಿನ ವಾಸನೆಯದು, ಅದೇ ಉಳಿದವಕ್ಕೆ ಕರೆಗಂಟೆ. ಹಾಗಾಗಿ ಬುತ್ತಿಯ ಬಾಳೆಹಣ್ಣನ್ನು ದೂರದಲ್ಲಿ ಸುಲಿಯುವುದು ಒಳ್ಳೆಯದು. ಜೇನು ಎದ್ದರೆ ಕೈ ಬೀಸದೆ, ಸೆರಗೋ ಟವೆಲ್ಲೋ ಮುಖಕ್ಕೆ ಮುಚ್ಚಿಕೊಂಡು ಓಡಿ. ಕೆರೆಗೆ ಹಾರಬೇಡಿ, ಅವು ಮೇಲೆ ಕಾಯುತ್ತವೆ. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಂಬಾ ಕಡೆ ಕಚ್ಚಿದ್ದರೆ, ಉಸಿರು ಕಟ್ಟಿದಂತಾದರೆ ಸೀದಾ ಆಸ್ಪತ್ರೆ.

ಕೆಂಪೇಗೌಡ ಗೋಪುರದ ಬಂಡೆಗೆ ಸುಮಾರು 300 ಕೋಟಿ ವರ್ಷ. ಏಪ್ರಿಲ್ ಮಧ್ಯಾಹ್ನ ಅದು ಕಾದ ಕಾವಲಿ, ಆಗಸ್ಟಿನಲ್ಲಿ ಪಾಚಿ ಹಿಡಿದ ಜಾರುಬಂಡೆ. ಹೈಹೀಲ್ಡ್ ಹಾಕಿ ಹತ್ತಿದವರು ಇಳಿಯುವ ವಿಧಾನ ಕೂತೇ.

ಇಷ್ಟೆಲ್ಲ ದಾಟಿ ಹೊರಬರುವವರ ಕೈಯಲ್ಲಿ ಒಂದು ಗುಲಾಬಿ ಗಿಡ ಇದ್ದೇ ಇರುತ್ತದೆ. ಅದರ ಅವನತಿ ಸ್ಕೂಟರಿನ ಹಿಂದಿನ ಸೀಟಿನಲ್ಲೇ ಶುರು. ನಲವತ್ತರ ವೇಗದ ಗಾಳಿಗೆ ಎಲೆಯ ನೀರು ಆರುತ್ತದೆ, ಉಬ್ಬಿನ ಕುಲುಕಿಗೆ ಬೇರಿನ ಮಣ್ಣು ಬಿರಿಯುತ್ತದೆ. ಕಾಲಿಡುವ ಜಾಗದಲ್ಲಿ, ಪೇಪರು ಸುತ್ತಿ ತನ್ನಿ. ತಂದ ದಿನವೇ ದೊಡ್ಡ ಕುಂಡಕ್ಕೆ ಹಾಕಿ, ತಾರಸಿಯ ಬಿಸಿಲಿಗಿಟ್ಟು, ಬಕೆಟ್ ನೀರು ಸುರಿಯುವುದು ನಮ್ಮ ರಾಜ್ಯದ ಸಂಪ್ರದಾಯ. ನರ್ಸರಿಯ ನೆರಳುಬಲೆಯಲ್ಲಿ ಬೆಳೆದದ್ದಕ್ಕೆ ಅದು ತಡೆಯುವುದಿಲ್ಲ. ಒಂದು ವಾರ ಅರೆನೆರಳು. ಮೇಲಿನ ಒಂದು ಇಂಚು ಮಣ್ಣು ಒಣಗಿದರೆ ಮಾತ್ರ ನೀರು. ಅರಳಿದ ಹೂ, ಮೊಗ್ಗು ಕತ್ತರಿಸಿ. ಕಾಸು ಕೊಟ್ಟದ್ದೇ ಅದಕ್ಕಾದ್ದರಿಂದ ಇದನ್ನು ಯಾರೂ ಮಾಡುವುದಿಲ್ಲ. ಎರಡು ವಾರದ ಮೇಲೆ ಹತ್ತು ಇಂಚಿನ ಕುಂಡಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ.

ಕಾಡುಗುಲಾಬಿಯ ಬುಡಕ್ಕೆ ಒಳ್ಳೆ ಗುಲಾಬಿಯನ್ನು ಬೆಸೆದ ಕಸಿಯ ಗಂಟನ್ನು ಮಾತ್ರ ಮಣ್ಣಲ್ಲಿ ಹೂಳಬೇಡಿ. ಗಂಟಿನ ಕೆಳಗಿಂದ ಚಿಗುರು ಬಂದರೆ ಬುಡಸಮೇತ ಕಿತ್ತುಹಾಕಬೇಕು, ಅದು ಕಾಡುಗುಲಾಬಿಯದು. ‘ಎಷ್ಟು ಹುಲುಸಾಗಿ ಬಂತು ನೋಡಿ’ ಎಂದು ಅದನ್ನೇ ಮುದ್ದು ಮಾಡಿದವರ ಮನೆಯಲ್ಲಿ ವರ್ಷದೊಳಗೆ ಕಸಿಯ ಭಾಗ ಸತ್ತು ಬರೀ ಮುಳ್ಳಿನ ಪೊದೆ ಉಳಿಯುತ್ತದೆ.

ಜನವರಿಯಲ್ಲಿ ಕೊಂಡ ಪಾಯಿನ್‌ಸೆಟಿಯಾದ ಕತೆಯೇ ಬೇರೆ. ಕೆಂಪಗಿರುವುದು ಎಲೆ. ಹೂವೆಂದರೆ ನಡುವೆ ಸಾಸಿವೆಯ ಹಾಗೆ ಕೂತ ಹಳದಿ ಮಣಿಗಳು. ಮರುವರ್ಷವೂ ಕೆಂಪಾಗಬೇಕೆಂದರೆ ಅಕ್ಟೋಬರಿನಿಂದ ಎಂಟು-ಹತ್ತು ವಾರ ದಿನಕ್ಕೆ ಹದಿನಾಲ್ಕು ಗಂಟೆ ಕಗ್ಗತ್ತಲೆ ಬೇಕು. ಬಾಲ್ಕನಿ ಎದುರಿನ ಬೀದಿದೀಪ ಸಾಕು, ಗಿಡ ಹಸಿರಾಗೇ ಉಳಿಯುತ್ತದೆ. ಸಂಜೆ ಆರಕ್ಕೆ ರಟ್ಟಿನ ಪೆಟ್ಟಿಗೆ ಕವುಚಿ ಬೆಳಗ್ಗೆ ಎಂಟಕ್ಕೆ ತೆಗೆಯಿರಿ. ರಾತ್ರಿ ಹತ್ತಕ್ಕೆ ಪೆಟ್ಟಿಗೆ ಎತ್ತಿ, ಕೆಂಪಾಯಿತಾ ಎಂದು ಟಾರ್ಚ್ ಬಿಟ್ಟು ನೋಡುವ ಯಜಮಾನರು ಮನೆಯಲ್ಲಿದ್ದರೆ ಪೆಟ್ಟಿಗೆಯ ಮೇಲೆ ಒಂದು ಇಟ್ಟಿಗೆಯನ್ನೂ ಇಡಿ.