ನೀರಿನ ಲೆಕ್ಕ

ಮಂಡ್ಯ ಕಡೆಯವರಿಗೆ ಜುಲೈ ಬಂತೆಂದರೆ ಒಂದು ಚಟ. ಬೆಳಗ್ಗೆ ಎದ್ದು ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡುವುದು. 124.80 ಅಡಿ ತುಂಬೋಕೆ ಇನ್ನೆಷ್ಟು ಬಾಕಿ? ಒಳಹರಿವು ಎಷ್ಟು, ಹೊರಹರಿವು ಎಷ್ಟು? ಗದ್ದೆ ಮಾರಿ ಬೆಂಗಳೂರು ಸೇರಿದವರೂ ನೋಡುತ್ತಾರೆ. ಸಿಯಾಟಲ್ ಪಕ್ಕ ಬಂದು ಕೂತಿರುವ ನನಗೆ ಈಗ ಅದೇ ಚಟ ಡಿಸೆಂಬರಿನಲ್ಲಿ ಹತ್ತುತ್ತದೆ. ಹೊಳೆ ಮಾತ್ರ ಬೇರೆ, ಇದು ಸ್ನೋಕ್ವಾಲ್ಮಿ. ಕಾರ್ನೇಷನ್ ಎಂಬ ಸಣ್ಣ ಊರಿನ ಹತ್ತಿರ ನೀರು ಅಳೆಯುವ ಸರ್ಕಾರಿ ಮಾಪಕವಿದೆ, ಅದರ ಗೆರೆ ಫೋನಿನಲ್ಲೇ ಕಾಣುತ್ತದೆ. ಇಲ್ಲೂ ಲೆಕ್ಕ ಕ್ಯುಸೆಕ್‌ನಲ್ಲೇ. ಅಲ್ಲಿ ಗೆರೆ ಏರಿದರೆ ಖುಷಿ. ಇಲ್ಲಿ ಒಂದು ಸಲ ಏರಿ, ಆಮೇಲೆ ಇಳಿಯೋಕೆ ಶುರುವಾದರೆ ಖುಷಿ. ಮಳೆಗೆ ನೀರು ಏರಿದಾಗ ಸ್ಟೀಲ್‌ಹೆಡ್ ಮೀನು ಸಮುದ್ರದಿಂದ ಹೊಳೆಗೆ ಹತ್ತುತ್ತದೆ. ಗಾಳ ಕಚ್ಚುವುದು ನೀರು ಇಳಿದು ತಿಳಿಯಾಗುವಾಗ. ಪೂರ್ತಿ ತಿಳಿಯಾದರೂ ಕಷ್ಟ, ನಮ್ಮನ್ನು ನೋಡಿ ಓಡಿಹೋಗುತ್ತದೆ. ನಡುವೆ ಒಂದೆರಡು ದಿನ ನೀರಿಗೆ ಹಸಿರು ಬಣ್ಣ ಬರುತ್ತದಲ್ಲ, ಅದು ಹಬ್ಬ. ಆ ದಿನಗಳಲ್ಲಿ ನಮ್ಮ ಆಫೀಸಿನಲ್ಲಿ ಕೆಲವರಿಗೆ ಹುಷಾರಿರುವುದಿಲ್ಲ.

ಸ್ಟೀಲ್‌ಹೆಡ್ ಅಂದರೆ ಬೇರೆ ಮೀನೇನಲ್ಲ. ರೇನ್‌ಬೋ ಟ್ರೌಟ್‌ನ ಜಾತಿಯೇ. ಒಂದೇ ತಾಯಿಯ ಮೊಟ್ಟೆಗಳಲ್ಲಿ ಒಂದಷ್ಟು ಮರಿಗಳು ಹುಟ್ಟಿದ ಹೊಳೆಯಲ್ಲೇ ಉಳಿದು ಟ್ರೌಟ್ ಅನ್ನಿಸಿಕೊಳ್ಳಬಹುದು. ಇನ್ನೊಂದಷ್ಟು ಸಮುದ್ರಕ್ಕೆ ಹೋಗಿ, ಒಂದೆರಡು ಮೂರು ವರ್ಷ ಮೇಯ್ದು, ದಪ್ಪಗಾಗಿ, ಮೊಟ್ಟೆ ಇಡಲು ಹಳೇ ಹೊಳೆಗೇ ಬರುತ್ತವೆ. ಸಾಲ್ಮನ್ ಹಾಗೆ ಮೊಟ್ಟೆ ಇಟ್ಟು ಸಾಯಲೇಬೇಕೆಂದೂ ಇಲ್ಲ, ಕೆಲವು ಮತ್ತೆ ಸಮುದ್ರಕ್ಕೆ ಹೋಗಿ ಮತ್ತೆ ಬರುತ್ತವೆ. ಇದನ್ನು ಹೇಳಿದ ಕೂಡಲೇ ಇಲ್ಲಿನ ನಮ್ಮವರೆಲ್ಲ ವೀಸಾ, ಗ್ರೀನ್ ಕಾರ್ಡ್ ಅಂತ ಹೋಲಿಕೆ ಶುರು ಮಾಡುತ್ತಾರೆ. ಆ ಹೋಲಿಕೆ ಕೂಡುವುದಿಲ್ಲ. ಮೀನು ನಿಜವಾಗಿಯೂ ಊರಿಗೆ ವಾಪಸ್ ಬರುತ್ತದೆ.

ಈ ಹೊಳೆಯಲ್ಲಿ ಟ್ರೌಟಿಗೂ ಸ್ಟೀಲ್‌ಹೆಡ್‌ಗೂ ನಡುವೆ ಒಂದು ಜಲಪಾತವಿದೆ, 268 ಅಡಿ. ಸಮುದ್ರದಿಂದ ಬಂದ ಮೀನು ಅದನ್ನು ಹತ್ತಲಾರದು. ಹಾಗಾಗಿ ಮೇಲೆ ಬರೀ ಟ್ರೌಟ್. (ಇಲ್ಲಿ ವಿದ್ಯುತ್ ತೆಗೆಯಲು ಶುರು ಮಾಡಿದ್ದು 1899ರಲ್ಲಿ. ನಮ್ಮ ಶಿವನಸಮುದ್ರ 1902. ಮೂರೇ ವರ್ಷ ಹಿಂದೆ ಅಂತ ನಾನು ಇಲ್ಲಿಯವರಿಗೆ ಆಗಾಗ ನೆನಪಿಸುತ್ತಿರುತ್ತೇನೆ.) ಕಲಿಯುವವರು ಬೇಸಿಗೆಯಲ್ಲಿ ಜಲಪಾತದ ಮೇಲಿಂದ ಶುರು ಮಾಡುವುದು ಒಳ್ಳೆಯದು. ಅಲ್ಲಿನ ಟ್ರೌಟ್ ಸಾಮಾನ್ಯವಾಗಿ ಗೇಣುದ್ದ, ಆದರೆ ದಯೆ ಇರುವ ಮೀನು. ತಪ್ಪಾಗಿ ಎಸೆದರೂ ಒಮ್ಮೊಮ್ಮೆ ಬಂದು ಕಚ್ಚುತ್ತದೆ. ಜೋರು ನೀರು ನಿಧಾನದ ನೀರನ್ನು ಸೇರುವ ಕಡೆ ಅದು ನಿಂತಿರುತ್ತದೆ. ಈ ಕಡೆ ನಿಂತರೆ ಆಯಾಸವಿಲ್ಲ, ಆ ಕಡೆಯಿಂದ ಹುಳ ಹುಪ್ಪಟೆ ತೇಲಿಕೊಂಡು ಬರುತ್ತವೆ. ಇಷ್ಟು ಗೊತ್ತಾದ ಮೇಲೆ ಯಾವ ಹಳ್ಳ ನೋಡಿದರೂ ಕಣ್ಣು ಆ ಗೆರೆಯನ್ನೇ ಹುಡುಕುತ್ತದೆ.

ಸ್ಟೀಲ್‌ಹೆಡ್‌ಗೆ ದಯೆ ಇಲ್ಲ. ಅದನ್ನು ಇಲ್ಲಿ ಸಾವಿರ ಎಸೆತದ ಮೀನು ಅನ್ನುತ್ತಾರೆ. ಜಲಪಾತದ ಕೆಳಗೆ, ಚಳಿಗಾಲದಲ್ಲಿ, ಎದೆವರೆಗಿನ ರಬ್ಬರ್ ಪ್ಯಾಂಟು ತೊಟ್ಟು ನೀರಿಗಿಳಿಯಬೇಕು. ಬಿದ್ದರೆ ಒಳಗೆ ನೀರು ನುಗ್ಗಬಾರದೆಂದು ಸೊಂಟಕ್ಕೆ ಬೆಲ್ಟ್ ಬೇರೆ. ಗಾಳಕ್ಕೆ ಸಾಲ್ಮನ್ ಮೊಟ್ಟೆಯೋ ಗುಲಾಬಿ ಬಣ್ಣದ ರಬ್ಬರ್ ಹುಳುವೋ ಸಿಕ್ಕಿಸುತ್ತಾರೆ. ಕಾವೇರಿಯ ಮಹಶೀರ್ ಮೀನಿಗಾದರೆ ರಾಗಿ ಹಿಟ್ಟಿನ ಉಂಡೆ ಕಟ್ಟುತ್ತಿದ್ದರು. ಗುಲಾಬಿ ರಬ್ಬರಿನಲ್ಲಿ ಈ ಮೀನು ಏನು ಕಂಡಿತೋ, ನನಗಂತೂ ಅರ್ಥವಾಗಿಲ್ಲ.

ನಿಜವಾದ ವಿದ್ಯೆ ಇರುವುದು ಗಾಳದ ದಾರಕ್ಕೆ ಕಟ್ಟುವ ಬೆಂಡಿನಲ್ಲಿ. ತಳದಲ್ಲಿ ಕಲ್ಲಿಗೆ ಉಜ್ಜಿಕೊಂಡು ಹರಿಯುವುದರಿಂದ ಅಲ್ಲಿನ ನೀರು ನಿಧಾನ, ಮೇಲಿನ ನೀರು ಜೋರು. ಮೀನು ಇರುವುದು ತಳದ ಹತ್ತಿರ. ಗಾಳ ತಳದ ನೀರಿನ ವೇಗದಲ್ಲೇ ಸಾಗಬೇಕು. ಅಂದರೆ ಮೇಲೆ ತೇಲುವ ಬೆಂಡು ಪಕ್ಕದ ನೊರೆಗಿಂತ ಚೂರು ಹಿಂದೆ ಬೀಳಬೇಕು. ನೊರೆಯ ಜೊತೆಗೇ ಓಡಿದರೆ ಮೀನಿಗೆ ಅನುಮಾನ. ನೀರಿನ ಮೇಲೆ ಬಿದ್ದ ದಾರ ಬಿಲ್ಲಿನಂತೆ ಬಾಗಿ ಬೆಂಡನ್ನು ಎಳೆಯುತ್ತದೆ, ಆಗ ರಾಡ್ ಎತ್ತಿ ದಾರವನ್ನು ಮೆಲ್ಲಗೆ ಹೊಳೆಯ ಮೇಲ್ಗಡೆಗೆ ಎತ್ತಿ ಹಾಕಬೇಕು. ಬೆಂಡು ಅಲುಗಬಾರದು. ಇದನ್ನು ದಂಡೆಯಲ್ಲಿ ಸಿಕ್ಕಿದ ಒಬ್ಬ ಹಿರಿಯರು ಬೆಳಗೆಲ್ಲ ಕೈ ಹಿಡಿದು ಕಲಿಸಿದರು. ಅವರ ಮೀನು ಎಲ್ಲಿ ಸಿಕ್ಕಿತು ಅಂತ ಕೇಳಿದೆ ನೋಡಿ, ಆಕಾಶ ನೋಡಿ ಮಳೆ ಬರಬಹುದು ಅಂದರು. ಇಲ್ಲಿ ಅದೇ ರೂಢಿ. ಹೇಗೆ ಅಂತ ಕೇಳಿದರೆ ಪಾಠ ಮಾಡುತ್ತಾರೆ, ಎಲ್ಲಿ ಅಂತ ಕೇಳಬಾರದು ಅಷ್ಟೇ.

ಇನ್ನು ಕಾನೂನು. ಈ ಭಾಗದ ಸ್ಟೀಲ್‌ಹೆಡ್ 2007ರಿಂದ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಹೊಳೆಯಲ್ಲೇ ಹುಟ್ಟಿದ ಮೀನು ಸಿಕ್ಕರೆ ಬಿಡಲೇಬೇಕು, ಫೋಟೋಗೆಂದು ನೀರಿನಿಂದ ಪೂರ್ತಿ ಎತ್ತುವ ಹಾಗೂ ಇಲ್ಲ. ಮೀನುಮರಿ ಕೇಂದ್ರದಲ್ಲಿ ಬೆಳೆಸಿ ಬಿಟ್ಟಿದ್ದಾದರೆ ಇಟ್ಟುಕೊಳ್ಳಬಹುದು. ಗುರುತು ಹೇಗೆ? ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಸಣ್ಣ ಮಾಂಸದ ರೆಕ್ಕೆಯೊಂದಿದೆ. ಕೇಂದ್ರದ ಮರಿಗಳಿಗೆ ಅದನ್ನು ಮೊದಲೇ ಕತ್ತರಿಸಿರುತ್ತಾರೆ.

ನನಗೆ ಸಿಕ್ಕಿದ ಸ್ಟೀಲ್‌ಹೆಡ್‌ಗೆ ರೆಕ್ಕೆ ಇತ್ತು. ಊರಿಗೆ ಫೋನ್ ಮಾಡಿ ಹೇಳಿದೆ.

"ಅಷ್ಟು ದೊಡ್ಡ ಮೀನ್ನ ಮತ್ತೆ ನೀರ್ಗೆ ಬುಟ್‌ಬುಟ್ಟಾ? ತಲೆ ನೆಟ್ಟಗದಾ ನಿಂಗೆ?" ಅಂದರು ಅವ್ವ.

ರೆಕ್ಕೆಯ ವಿಷಯ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಹಂಗಾರೆ ರೆಕ್ಕೆ ಇಲ್ದಿರದ್ನೇ ನೋಡಿ ಹಿಡಿ."

"ನೀರೊಳಗೆ ಅದು ಕಾಣಲ್ಲ ಕಣವ್ವ."

"ಅಂಗಡೀಲಿ ಸಿಕ್ಕಕಿಲ್ವಾ?"

ಸಿಗುತ್ತದೆ. ಸಾಕಿದ ಸ್ಟೀಲ್‌ಹೆಡ್ ಇಲ್ಲಿ ಯಾವ ದೊಡ್ಡ ಅಂಗಡಿಗೆ ಹೋದರೂ ಕಿತ್ತಳೆ ಬಣ್ಣದ ಹೋಳಾಗಿ ಕೂತಿರುತ್ತದೆ. ಶನಿವಾರ ತಂದು, ಅವ್ವ ಹೇಳಿದ ಹಾಗೇ ಹುಣಸೆಹುಳಿ ಬಿಟ್ಟು ಸಾರು ಮಾಡಿದೆ. ಸಾರಿಗೆ ಅದರ ಜಿಡ್ಡು ಜಾಸ್ತಿಯಾಯಿತು. ಖಾರದ ಪುಡಿ, ಅರಿಶಿನ, ಉಪ್ಪು ಹಚ್ಚಿ ಕಾವಲಿಯ ಮೇಲೆ ಹುರಿದರೆ ಮಾತ್ರ ಬಲು ರುಚಿ.