ನೈತಿಕ ಸಮಿತಿಯ ಕಚೇರಿಯಲ್ಲಿ ಕೂತವರಿಗೆ ಕಲಿಸುವವರು ಯಾರು?

ಮನುಷ್ಯರನ್ನು ಒಳಗೊಂಡ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಗಳ ಮಾತು ಬಂದಾಗಲೆಲ್ಲ ಚರ್ಚೆ ಸದಸ್ಯರ ಸುತ್ತಲೇ ನಡೆಯುತ್ತದೆ. ಅಧ್ಯಕ್ಷರು ಯಾರು, ವೈದ್ಯರು ಎಷ್ಟು ಜನ, ಕಾನೂನು ಬಲ್ಲವರಿದ್ದಾರೆಯೇ, ಸಂಸ್ಥೆಗೆ ಸಂಬಂಧವಿಲ್ಲದ ಒಬ್ಬರಾದರೂ ಇದ್ದಾರೆಯೇ ಎಂದು ಕೇಳುತ್ತೇವೆಯೇ ಹೊರತು, ಸಮಿತಿಯ ಕಡತಗಳನ್ನು ದಿನವೂ ಬಿಚ್ಚಿ ನೋಡುವ ಕಚೇರಿಯ ಆಡಳಿತಗಾರರ ಬಗ್ಗೆ ಯಾರೂ ಕೇಳುವುದಿಲ್ಲ. ಅಂಥದೊಂದು ಸಮಿತಿಯಲ್ಲಿ ಕೆಲವು ವರ್ಷ ಹೊರಗಿನ ಸದಸ್ಯನಾಗಿ ಕೂತಿದ್ದ ನನಗೂ ಅವರು ಮೊದಮೊದಲು ಸಭೆಯ ನೋಟಿಸು ಕಳಿಸುವ, ಹಾಜರಿ ಹಾಕಿಸಿಕೊಳ್ಳುವ ಸಿಬ್ಬಂದಿಯಾಗಿ ಮಾತ್ರ ಕಂಡಿದ್ದರು.

ನನ್ನ ಎಣಿಕೆ ತಪ್ಪೆಂದು ತೋರಿಸಿದ್ದು ಒಂದು ಪ್ರಶ್ನಾವಳಿ. ಔಷಧಿಯಿಲ್ಲ, ಸೂಜಿಯಿಲ್ಲ, ಬರೀ ಅಂಚೆಯಲ್ಲಿ ಕಳಿಸುವ ಕಾಗದ. ಆದ್ದರಿಂದ ಪೂರ್ಣ ಪರಿಶೀಲನೆಯಿಂದ ವಿನಾಯಿತಿ ಕೊಡಬೇಕೆಂದು ಸಂಶೋಧಕರು ಕೋರಿದ್ದರು. ನಾವಾಗಿದ್ದರೆ ಕೊಟ್ಟೇಬಿಡುತ್ತಿದ್ದೆವು. ಕಚೇರಿಯಲ್ಲಿದ್ದ ಹಿರಿಯ ಮಹಿಳೆ ಕೊನೆಯ ಪುಟದವರೆಗೂ ಓದಿದ್ದರು. ಅಲ್ಲಿ ಗಂಡನ ಹೊಡೆತದ ಕುರಿತು ನಾಲ್ಕು ಪ್ರಶ್ನೆಗಳಿದ್ದವು. ‘ಈ ಲಕೋಟೆಯನ್ನು ಮನೆಯಲ್ಲಿ ಯಾರು ಒಡೆಯುತ್ತಾರೆ?’ ಎಂದಷ್ಟೇ ಬರೆದು ಅವರು ಕಡತವನ್ನು ಪೂರ್ಣ ಸಭೆಗೆ ಇಟ್ಟರು. ಅಪಾಯವಿದ್ದದ್ದು ಪ್ರಶ್ನೆಯಲ್ಲಲ್ಲ, ಅಂಚೆಯಲ್ಲಿ. ಇದನ್ನೆಲ್ಲ ಎಲ್ಲಿ ಕಲಿತಿರೆಂದು ಮುಂದೊಮ್ಮೆ ಕೇಳಿದಾಗ, ಕಲಿಸಿದವರು ಯಾರೂ ಇಲ್ಲ, ಹಳೆಯ ಕಡತಗಳನ್ನು ಓದಿಯೇ ತಿಳಿದದ್ದು ಎಂದರು. ಅವರು ನಿವೃತ್ತರಾದಾಗ ಅವರ ಜಾಗಕ್ಕೆ ಬಂದದ್ದು ಲೆಕ್ಕಪತ್ರ ವಿಭಾಗದಿಂದ ವರ್ಗವಾದ ಒಬ್ಬ ಪ್ರಾಮಾಣಿಕ ಮನುಷ್ಯ. ಹಸ್ತಾಂತರದ ಪಟ್ಟಿಯಲ್ಲಿ ಬೀಗದ ಕೈ, ಮೊಹರು ಮತ್ತು ಕಡತಗಳ ಸಂಖ್ಯೆ ಇದ್ದವು.

ಯಾವ ಪ್ರಸ್ತಾವ ಪೂರ್ಣ ಸಭೆಗೆ ಹೋಗಬೇಕು, ಯಾವುದು ತ್ವರಿತ ಪರಿಶೀಲನೆಗೆ ಸಾಕು, ಯಾವುದಕ್ಕೆ ವಿನಾಯಿತಿ ಕೊಡಬಹುದು ಎಂಬ ಮೊದಲ ವಿಂಗಡಣೆ ಬಹುಪಾಲು ಕಚೇರಿಯ ಮೇಜಿನ ಮೇಲೆಯೇ ಆಗುತ್ತದೆ. ಅಲ್ಲಿ ತಪ್ಪಿದ್ದು ಸಮಿತಿಯ ಕಣ್ಣಿಗೆ ಬೀಳುವುದೇ ಇಲ್ಲ. ಕೋರಂ ಇದೆಯೇ, ತನ್ನದೇ ಪ್ರಸ್ತಾವ ಚರ್ಚೆಗೆ ಬಂದಾಗ ಸದಸ್ಯರು ಎದ್ದು ಹೊರಹೋದರೇ, ವಾರ್ಷಿಕ ಮರುಪರಿಶೀಲನೆಯ ಗಡುವು ಮೀರಿದೆಯೇ ಎಂದು ಕಾಯುವವರೂ ಕಚೇರಿಯವರೇ.

ಈ ಕಚೇರಿ ಕೆಲಸ ಸಡಿಲವಾದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ 2001ರ ಪ್ರಕರಣವನ್ನು ನೋಡಬೇಕು. ಅಲ್ಲಿ ಆಸ್ತಮಾ ಕುರಿತ ಅಧ್ಯಯನವೊಂದರಲ್ಲಿ ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಸೇವಿಸಿದ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿ ಜೂನ್ ತಿಂಗಳಲ್ಲಿ ತೀರಿಕೊಂಡರು. ಆ ರಾಸಾಯನಿಕ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದೆಂದು 1950ರ ದಶಕದ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿತ್ತು. ಸಂಶೋಧಕರ ಹುಡುಕಾಟ ಅಷ್ಟು ಹಿಂದಕ್ಕೆ ಹೋಗಿರಲಿಲ್ಲ. ಜುಲೈನಲ್ಲಿ ಕೇಂದ್ರ ಸರ್ಕಾರದ ಮೇಲ್ವಿಚಾರಣಾ ಕಚೇರಿಯು, ಸರ್ಕಾರಿ ಅನುದಾನದಿಂದ ಅಲ್ಲಿ ನಡೆಯುತ್ತಿದ್ದ ಬಹುತೇಕ ಎಲ್ಲ ಮಾನವ ಸಂಶೋಧನೆಗಳನ್ನು ತಡೆಹಿಡಿಯಿತು. ಆ ಕಚೇರಿ ಎತ್ತಿದ ಆಕ್ಷೇಪಗಳಲ್ಲಿ ವಿಜ್ಞಾನದ ಲೋಪಗಳ ಜೊತೆಗೆ, ಸಭೆಯಲ್ಲಿ ಹೆಚ್ಚಿನ ಪ್ರಸ್ತಾವಗಳನ್ನು ಒಂದೊಂದಾಗಿ ಚರ್ಚಿಸಿರಲಿಲ್ಲ, ನಡಾವಳಿಗಳು ಸರಿಯಾಗಿರಲಿಲ್ಲ ಎಂಬ ದೂರುಗಳೂ ಇದ್ದವು. ಅದಕ್ಕೂ ಮೂರು ವರ್ಷ ಮೊದಲು, 1998ರಲ್ಲಿ, ಅದೇ ದೇಶದ ಆರೋಗ್ಯ ಇಲಾಖೆಯ ತಪಾಸಣಾ ವಿಭಾಗದ ವರದಿಯು ಸಮಿತಿಗಳ ಮೇಲೆ ಹೊರೆ ಹೆಚ್ಚಿದೆ, ತರಬೇತಿ ಸಾಲದು ಎಂದು ಎಚ್ಚರಿಸಿತ್ತು. ಒಳ್ಳೆಯ ನಡಾವಳಿ ಬರೆದಿದ್ದರೆ ಆಕೆ ಬದುಕುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ‘ಚರ್ಚಿಸಿ ಅಂಗೀಕರಿಸಲಾಯಿತು’ ಎಂದು ಬರೆದು ಮುಗಿಸುವ ಕಚೇರಿಯಲ್ಲಿ, ಚರ್ಚೆ ನಡೆಯಲೇ ಇಲ್ಲವೆಂಬುದು ಯಾರಿಗೂ ಕಾಣದೆ ಹೋಗುತ್ತದೆ.

ಈಗ ತರಬೇತಿ ಇಲ್ಲವೇ ಎಂದರೆ, ಇದೆ. ಹೆಚ್ಚಿನದು ಗಣಕಯಂತ್ರದ ಮುಂದೆ ಕೂತು ಪುಟ ತಿರುವಿ, ಕೊನೆಗೆ ಬಹುಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಿ ಪ್ರಮಾಣಪತ್ರ ಪಡೆಯುವ ಬಗೆಯದು. ನಾಜಿ ವೈದ್ಯರ ವಿಚಾರಣೆಯಿಂದ ಹುಟ್ಟಿದ 1947ರ ನ್ಯೂರೆಂಬರ್ಗ್ ಸಂಹಿತೆ, ವೈದ್ಯರ ಜಾಗತಿಕ ಸಂಘ ಹೊರಡಿಸಿದ 1964ರ ಹೆಲ್ಸಿಂಕಿ ಘೋಷಣೆ, ಸಿಫಿಲಿಸ್ ರೋಗಿಗಳಿಗೆ ಚಿಕಿತ್ಸೆ ಕೊಡದೆ 1932ರಿಂದ 1972ರವರೆಗೆ ಸುಮ್ಮನೆ ಗಮನಿಸುತ್ತ ಕೂತ ಅಮೆರಿಕದ ಟಸ್ಕೆಗಿಯ ಅಧ್ಯಯನ, ಅದರ ಬೆನ್ನಿಗೆ ಬಂದ, ಮಾನವ ಸಂಶೋಧನೆಯ ನೈತಿಕ ತತ್ವಗಳನ್ನು ಹೇಳುವ 1979ರ ಬೆಲ್ಮಾಂಟ್ ವರದಿ: ಈ ಇತಿಹಾಸ ತಿಳಿದಿರಲೇಬೇಕು. ಆದರೆ ಟಸ್ಕೆಗಿ ತಪ್ಪೆಂದು ಗುರುತಿಸಲು ಯಾರಿಗೂ ಕಷ್ಟವಾಗದು. ಮೇಜಿಗೆ ಬರುವ ಕಡತಗಳು ಅಷ್ಟು ನಿಚ್ಚಳವಾಗಿರುವುದಿಲ್ಲ. ಅಮೆರಿಕದಲ್ಲಿ ಈ ವೃತ್ತಿಗೆಂದೇ ಇರುವ ಸಿಐಪಿ ಎಂಬ ಪ್ರಮಾಣೀಕರಣ ಪರೀಕ್ಷೆಗೆ, ಕೆಲಸದ ಅನುಭವವಿಲ್ಲದವರು ಕೂರುವಂತಿಲ್ಲ. ಆ ಷರತ್ತು ನನಗೆ ಮೆಚ್ಚುಗೆಯಾಗಿದೆ.

ಅರೆಬರೆ ತರಬೇತಿಯಿಂದ ಇನ್ನೊಂದು ಬಗೆಯ ಕೇಡೂ ಇದೆ. ನಿಯಮದ ಉದ್ದೇಶ ತಿಳಿಯದೆ ನಿಯಮದ ಸಂಖ್ಯೆ ಮಾತ್ರ ತಿಳಿದವರು ಅಂಜಿಕೆಯಿಂದ ಎಲ್ಲವನ್ನೂ ಬಿಗಿ ಮಾಡುತ್ತಾರೆ. ಎರಡು ಪುಟದ ಒಪ್ಪಿಗೆ ಪತ್ರಕ್ಕೆ ಸಿದ್ಧ ವಾಕ್ಯಗಳನ್ನು ಸೇರಿಸಿ ಸೇರಿಸಿ ಹದಿನಾಲ್ಕು ಪುಟ ಮಾಡುತ್ತಾರೆ. ಸಹಿ ಹಾಕುವವರು ಅದನ್ನು ಓದುವುದಿಲ್ಲ. ಸಂಶೋಧಕರು ನೈತಿಕ ಸಮಿತಿಯನ್ನು ಅಡ್ಡಗೋಡೆಯೆಂದು ಬೈಯುವುದರಲ್ಲಿ ಅರ್ಧಪಾಲು ಇಂಥ ಅನುಭವವೇ ಇದೆ, ಆ ಬೈಗುಳ ಅಷ್ಟೇನೂ ಅನ್ಯಾಯವಲ್ಲ.

ನನ್ನ ದೃಷ್ಟಿಯಲ್ಲಿ ಈ ಕೆಲಸವನ್ನು ಕಲಿಸಬೇಕಾದದ್ದು ಹಳೆಯ ಕಡತಗಳಿಂದ. ಹೆಸರು ತೆಗೆದ ಇಪ್ಪತ್ತು ಪ್ರಸ್ತಾವಗಳನ್ನು ಕೊಟ್ಟು ವಿಂಗಡಿಸಲು ಹೇಳಿ, ಆಮೇಲೆ ಸಮಿತಿ ಏನು ನಿರ್ಧರಿಸಿತೆಂದು ತೋರಿಸಿ, ವ್ಯತ್ಯಾಸ ಬಂದಲ್ಲಿ ವಾದಿಸಲು ಬಿಡಬೇಕು. ವಾದದಲ್ಲಿ ಆಗಾಗ ಹೊಸಬರೇ ಸರಿಯಿರುತ್ತಾರೆ. ಭಿನ್ನಾಭಿಪ್ರಾಯವನ್ನು ಹೆಸರೆತ್ತದೆ ದಾಖಲಿಸುವ ನಡಾವಳಿ ಬರೆಯುವುದನ್ನೂ, ಅನುದಾನದ ಗಡುವು ಮುಂದೊಡ್ಡಿ ‘ಇವತ್ತೇ ಸಹಿ ಆಗಲಿ’ ಎನ್ನುವ ಹಿರಿಯ ಪ್ರಾಧ್ಯಾಪಕರಿಗೆ, ಅವರಿಗಿಂತ ಎಷ್ಟೋ ಕೆಳಗಿನ ಹುದ್ದೆಯಲ್ಲಿದ್ದುಕೊಂಡು, ಆಗುವುದಿಲ್ಲವೆಂದು ಹೇಳುವುದನ್ನೂ ಅಭ್ಯಾಸ ಮಾಡಿಸಬೇಕು. ಈ ಕೊನೆಯದನ್ನು ಪಾಠದಿಂದ ಮಾತ್ರ ಕಲಿಸಲಾಗದು. ಆಗುವುದಿಲ್ಲವೆಂದು ಹೇಳಿದ ಮರುದಿನ ವರ್ಗಾವಣೆಯ ಆದೇಶ ಬರುವುದಿಲ್ಲವೆಂಬ ಭರವಸೆಯನ್ನು ಸಂಸ್ಥೆಯೇ ಕೊಡಬೇಕು.

ಇದಕ್ಕೆಲ್ಲ ಹಣ ಎಲ್ಲಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಔಷಧ ಕಂಪನಿಗಳ ಅಧ್ಯಯನಗಳನ್ನು ಪರಿಶೀಲಿಸಲು ಅನೇಕ ಸಮಿತಿಗಳು ಶುಲ್ಕ ಪಡೆಯುತ್ತವೆ. ಅದರ ಒಂದು ಪಾಲನ್ನು ಕಚೇರಿಯ ತರಬೇತಿಗೆಂದು ಕಟ್ಟಿಡಬಹುದು. ಅದೂ ಆಗದಿದ್ದರೆ, ಹೋಗುವವರೂ ಬರುವವರೂ ಮೂರು ತಿಂಗಳಾದರೂ ಒಂದೇ ಮೇಜಿನ ಎರಡು ಬದಿಗೆ ಕೂತು, ಬಂದ ಪ್ರತಿ ಪ್ರಶ್ನಾವಳಿಯನ್ನೂ ಕೊನೆಯ ಪುಟದವರೆಗೆ ಒಟ್ಟಿಗೆ ಓದುವಂತಾಗಲಿ.