ಸಭಾಂಗಣಕ್ಕೂ ಒಂದು ಫುಟ್‌ಬಾಲ್ ತಂಡವಿರಲಿ

ಕಳೆದ ಚಳಿಗಾಲದಲ್ಲಿ ನಮ್ಮ ಭಾಗದ ಒಂದು ಸಭಾಂಗಣದಲ್ಲಿ ಹಿಂದೂಸ್ತಾನಿ ಗಾಯನದ ಕಾರ್ಯಕ್ರಮವಿತ್ತು. ನನ್ನ ಅಣ್ಣನ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೀಗ ಹತ್ತೊಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿಯಿಂದಾಗಿ ಅವನ ಬಲಗೈ ಮತ್ತು ಬಲಗಾಲು ಚಿಕ್ಕಂದಿನಿಂದಲೂ ಬಿಗಿಯಾಗಿವೆ. ಸಮತಟ್ಟಾದ ನೆಲದ ಮೇಲೆ ಯಾರ ಆಸರೆಯೂ ಇಲ್ಲದೆ ನಡೆಯುತ್ತಾನೆ, ತನ್ನದೇ ರೀತಿಯಲ್ಲಿ ಓಡುತ್ತಾನೆ. ಹಿಡಿದುಕೊಳ್ಳಲು ಕಂಬಿ ಇಲ್ಲದ ಮೆಟ್ಟಿಲನ್ನು ಮಾತ್ರ ಹತ್ತಲಾರ. ಆ ಸಭಾಂಗಣಕ್ಕೆ ಐದು ಮೆಟ್ಟಿಲುಗಳಿದ್ದವು, ಕಂಬಿ ಇರಲಿಲ್ಲ. ಬಾಗಿಲಲ್ಲಿದ್ದ ಇಬ್ಬರು ಕಾರ್ಯಕರ್ತರು ಒಳ್ಳೆಯ ಮನಸ್ಸಿನಿಂದಲೇ ಓಡಿಬಂದು ಅವನ ಕಂಕುಳಿಗೆ ಕೈಹಾಕಿ ಎತ್ತಲು ನೋಡಿದರು. ಅವನನ್ನು ಬಿಟ್ಟು ನನ್ನನ್ನು, ‘ಇವನಿಗೆ ಏನಾಗಿದೆ?’ ಎಂದು ಕೇಳಿದರು. ಅವನು ಹಿಂದೆ ಸರಿದು, ‘ಇರ್ಲಿ ಕಾಕಾ, ನಂಗೆ ಇಲ್ಲಿಂದ್ಲೇ ಕೇಳ್ತದೆ. ನೀವು ಒಳಗೆ ಹೋಗಿ’ ಎಂದ. ನಾನು ಹೋಗಲಿಲ್ಲ. ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕುಳಿತು ಯಮನ್ ರಾಗದ ವಿಲಂಬಿತ ಖ್ಯಾಲನ್ನು ಗೋಡೆಯಾಚೆಯಿಂದ ಕೇಳಿದೆವು. ಜನರೇಟರ್ ಸದ್ದಿನ ನಡುವೆ ಮೇಲಿನ ‘ಸ’ ಸ್ವರವಾದ ತಾರಷಡ್ಜವೊಂದು ಮಾತ್ರ ಸ್ಪಷ್ಟವಾಗಿ ತಲುಪುತ್ತಿತ್ತು.

ಆ ರಾತ್ರಿಯಿಂದ ನನ್ನನ್ನು ಕಾಡುತ್ತಿರುವ ಮಾತನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಸಂಗೀತಕ್ಕೆಂದು ಕಟ್ಟಿದ ಜಾಗ ಊರಿನದಾಗುವುದು ಅಲ್ಲಿ ಕಾರ್ಯಕ್ರಮವಿಲ್ಲದ ದಿನಗಳಲ್ಲಿ ಏನು ನಡೆಯುತ್ತದೆ ಎಂಬುದರಿಂದ. ಅಂಗವಿಕಲರು ಅಲ್ಲಿಗೆ ವರ್ಷಕ್ಕೊಮ್ಮೆ ಫಲಾನುಭವಿಗಳಾಗಿ ಬಂದು ಹೋಗುವ ಬದಲು, ವಾರವಾರವೂ ಬರುವ, ಬಾಗಿಲ ಬೀಗದ ಕೈ ಎಲ್ಲಿದೆಯೆಂದು ಬಲ್ಲ ಮನೆಯವರಾಗಬೇಕು. ಅದಕ್ಕೆ ನನಗೆ ಕಾಣುವ ನೇರವಾದ ದಾರಿ, ಕೇಳಿದವರಿಗೆ ವಿಚಿತ್ರವೆನಿಸಬಹುದು, ಒಂದು ಫುಟ್‌ಬಾಲ್ ತಂಡ.

ಕಲ್ಪನೆ ನನ್ನದಲ್ಲ. ಬ್ರಿಟನ್ನಿನ ಊರುಗಳಲ್ಲಿ ಕೆಲವೇ ನೂರು ಜನ ಹಿಡಿಸುವ ಸಣ್ಣ ಸಂಗೀತ ತಾಣಗಳಿವೆ. ಬಾಡಿಗೆ, ವಿದ್ಯುತ್ ಬಿಲ್ಲು, ನೆರೆಮನೆಯವರ ಶಬ್ದದ ದೂರು, ಇವುಗಳ ನಡುವೆ ಒಂದೊಂದಾಗಿ ಮುಚ್ಚುತ್ತಿದ್ದ ಇಂಥ ಜಾಗಗಳನ್ನು ಉಳಿಸಲೆಂದೇ ಅಲ್ಲಿ 2014ರಲ್ಲಿ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ಅದಕ್ಕೂ ಮೊದಲು, 2000ದಿಂದ, ಕಿವುಡರೂ ಅಂಗವಿಕಲರೂ ಸಂಗೀತ ಕಾರ್ಯಕ್ರಮಗಳಿಗೆ ಸಲೀಸಾಗಿ ಬರುವಂತಾಗಬೇಕೆಂದು ಆಟಿಟ್ಯೂಡ್ ಈಸ್ ಎವರಿಥಿಂಗ್ ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ. ಅಂಥ ತಾಣವೊಂದು ರಾತ್ರಿಯ ಸಂಗೀತದ ಜೊತೆಗೆ ಊರಿನವರಿಗಾಗಿ ಕಾರ್ಯಕ್ರಮಗಳನ್ನೂ, ಅಂಗವಿಕಲರದೇ ಒಂದು ಫುಟ್‌ಬಾಲ್ ತಂಡವನ್ನೂ ನಡೆಸುತ್ತದೆ ಎಂದು ತಿಳಿದಾಗ, ನನಗೆ ಮೊದಲು ನೆನಪಾದದ್ದು ಆ ಐದು ಮೆಟ್ಟಿಲುಗಳು.

ನಮ್ಮಲ್ಲಿ ಇದಕ್ಕೆ ನೆಲೆಯಿಲ್ಲವೆಂದು ಯಾರೂ ಹೇಳಬಾರದು. ಉತ್ತರ ಕನ್ನಡದ ಬಯಲಾಟಗಳಿಗೆ ಮೆಟ್ಟಿಲೇ ಇರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ಸುತ್ತ ಕಂಬಳಿ, ಚಾಪೆ ಹಾಸಿ ಕುಳಿತ ಜನ. ನಡೆಯಲಾಗದ ಅಜ್ಜನನ್ನು ಗಾಡಿಯಲ್ಲಿ ತಂದು ಮುಂದೆಯೇ ಕೂರಿಸಿದರೆ ಅವನು ಬೆಳಗಿನ ಮಂಗಳದವರೆಗೂ ಎಲ್ಲರ ಮಟ್ಟದಲ್ಲೇ ಇರುತ್ತಿದ್ದ. ಕಿವಿ ಕೇಳದ ನಮ್ಮ ದೊಡ್ಡಮ್ಮ ಒಬ್ಬರು ಚಂಡೆಯ ಪೆಟ್ಟನ್ನು ಅಂಗೈಯನ್ನು ನೆಲಕ್ಕೊತ್ತಿ ಕೇಳುತ್ತಿದ್ದರು. ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಎವಲಿನ್ ಗ್ಲೆನಿ ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಬಹುತೇಕ ಕೇಳುವಿಕೆಯನ್ನು ಕಳೆದುಕೊಂಡು, ಬರಿಗಾಲಲ್ಲಿ ನಿಂತು ನೆಲದ ಕಂಪನದಿಂದ ನಾದವನ್ನು ಹಿಡಿಯುತ್ತಾರೆಂದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ದೊಡ್ಡಮ್ಮನ ಅಂಗೈ ಕಣ್ಣೆದುರು ಬಂತು. ಮೆಟ್ಟಿಲು ಬಂದದ್ದು ನಾವು ಸಿಮೆಂಟಿನ ಸಭಾಂಗಣಗಳನ್ನು ಕಟ್ಟಿದಾಗ. ಎತ್ತರವೇ ಘನತೆಯೆಂದು ಭಾವಿಸಿ ಕಟ್ಟಿದೆವು, ಒಂದಷ್ಟು ಜನರನ್ನು ಹೊರಗಿಟ್ಟೆವೆಂಬುದು ಆಗ ಹೊಳೆಯಲಿಲ್ಲ.

ಕಲೆಯ ದುಡ್ಡು ಅಂಗವಿಕಲರ ಬದುಕಿಗೆ ಆಧಾರವಾದ ದೊಡ್ಡ ಉದಾಹರಣೆಯೂ ಕನ್ನಡ ನಾಡಿನದೇ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಕೊಟ್ಟರು. ಆಶ್ರಮದ ಖರ್ಚಿಗೆ ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು. ಟಿಕೆಟ್ ಕೊಂಡು ನಾಟಕ ನೋಡಿದವನು ತನಗೆ ಗೊತ್ತಿದ್ದೋ ಇಲ್ಲದೆಯೋ ಒಂದು ಮಗುವಿನ ಊಟಕ್ಕೆ ಪಾಲುದಾರನಾಗುತ್ತಿದ್ದ. ಆ ಲೆಕ್ಕದಲ್ಲಿ ನಮ್ಮ ಇಂದಿನ ಸಂಗೀತ ಸಭೆಗಳು ತೀರಾ ಹಿಂದಿವೆ.

ಆದರೆ ಇಲ್ಲಿಯೇ ಒಂದು ಮಾತನ್ನು ಹೇಳಲೇಬೇಕು. ಗದುಗಿನ ಪರಂಪರೆಯ ಬಗ್ಗೆ ನನಗಿರುವ ಗೌರವಕ್ಕೆ ಎಲ್ಲೆಯಿಲ್ಲ. ಆದರೂ ಕಣ್ಣು ಕಾಣದ ಮಗು ಸಿಕ್ಕ ಕೂಡಲೇ ಹಾರ್ಮೋನಿಯಂ ಮುಂದೆ ಕೂರಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಹಾಡಲು ಇಷ್ಟವಿಲ್ಲದ, ಒದೆಯಲು, ಓಡಲು, ಬೆವರಲು, ಬಿದ್ದು ಮಂಡಿ ತರಚಿಕೊಳ್ಳಲು ಬಯಸುವ ಮಗುವನ್ನು ಯಾರೂ ಕೇಳುವುದಿಲ್ಲ. ನಮ್ಮ ಹುಡುಗ ಸಂಗೀತವನ್ನು ಕೇಳುತ್ತಾನೆಯೇ ಹೊರತು ಹಾಡುವವನಲ್ಲ. ಅವನಿಗೆ ಬೇಕಾದದ್ದು ಚೆಂಡು. ಕಾಳಿ ನದಿ ದಾಟಿ ಸದಾಶಿವಗಡ, ಮಾಜಾಳಿ ಕಳೆದರೆ ಗೋವಾ; ಕಾರವಾರದ ಹುಡುಗರಿಗೆ ಫುಟ್‌ಬಾಲನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಮಾಲಾದೇವಿ ಮೈದಾನದ ಅಂಚಿನಲ್ಲಿ ನಿಂತು ಇವನು ಎಷ್ಟು ಸಂಜೆ ಕಳೆದಿದ್ದಾನೋ ಲೆಕ್ಕವಿಲ್ಲ. ಹೊರಗೆ ಹೋದ ಚೆಂಡನ್ನು ಎತ್ತಿ ಕೊಡುವುದಷ್ಟೇ ಅವನ ಪಾಲಿನ ಆಟವಾಗಿತ್ತು.

ಅವನಂಥವರಿಗೆ ಆಟವೇ ಇಲ್ಲವೆಂದು ನಾನೂ ನಂಬಿದ್ದೆ, ಅದಕ್ಕೆ ಈಗ ನಾಚಿಕೆಯಿದೆ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿಯೇ ಏಳು ಮಂದಿಯ ಫುಟ್‌ಬಾಲ್ ಇದೆ. ಅದರಲ್ಲಿ ಆಫ್‌ಸೈಡ್ ಇಲ್ಲ. ಗೆರೆ ದಾಟಿದ ಚೆಂಡನ್ನು ಎರಡೂ ಕೈಯೆತ್ತಿ ಎಸೆಯಲಾಗದವನು ಒಂದೇ ಕೈಯಲ್ಲಿ ಉರುಳಿಸಬಹುದು. 1984ರಿಂದ 2016ರವರೆಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ಇದ್ದ ಆಟವಿದು. ಕಾಲು ಕಳೆದುಕೊಂಡವರು ಊರುಗೋಲಿನ ಮೇಲೆ ಓಡುತ್ತ ಆಡುವ ಆಟದಲ್ಲಿ ಗೋಲ್‌ಕೀಪರ್ ಒಂದು ಕೈ ಇಲ್ಲದವನು. ಕಿವುಡರ ಪಂದ್ಯದಲ್ಲಿ ರೆಫರಿ ಬಾವುಟ ಬೀಸುತ್ತಾನೆ. ಮೋಟಾರು ಗಾಲಿಕುರ್ಚಿಯ ಫುಟ್‌ಬಾಲೂ ಇದೆ, ಆ ಕುರ್ಚಿಯ ಬೆಲೆ ನಮ್ಮ ಕೈಗೆಟುಕುವಂಥದಲ್ಲ. ಬ್ರಿಟನ್ನಿನಲ್ಲಿ ಇವರನ್ನೆಲ್ಲ ಒಂದೇ ತಂಡಕ್ಕೆ ಸೇರಿಸಿ ಆಡಿಸುವ ಪದ್ಧತಿಯೂ ಉಂಟು. ಕಾರವಾರ, ಅಂಕೋಲಾದಂಥ ಊರಿಗೆ ಹೊಂದುವುದು ಅದೇ, ಏಕೆಂದರೆ ಒಂದೊಂದು ಬಗೆಯ ತೊಂದರೆಯವರು ಒಂದೊಂದು ತಂಡ ಕಟ್ಟುವಷ್ಟು ಸಂಖ್ಯೆಯಲ್ಲಿ ಇಲ್ಲಿ ಸಿಗುವುದಿಲ್ಲ.

ಇವುಗಳಲ್ಲಿ ನನ್ನ ಮನಸ್ಸನ್ನು ಪೂರ್ತಿಯಾಗಿ ಹಿಡಿದದ್ದು ಅಂಧರ ಫುಟ್‌ಬಾಲ್. 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ, ಎರಡೂ ಪಕ್ಕದಲ್ಲಿ ಹಲಗೆಯ ತಡೆ, ತಂಡಕ್ಕೆ ಐವರು. ಒಳಗೆ ಸದ್ದು ಮಾಡುವ ಗುಂಡುಗಳಿರುವ ಚೆಂಡು. ಅಲ್ಪಸ್ವಲ್ಪ ಬೆಳಕು ಕಾಣುವವನಿಗೆ ಹೆಚ್ಚಿನ ಅನುಕೂಲವಾಗದಂತೆ ನಾಲ್ವರ ಕಣ್ಣಿಗೂ ಪಟ್ಟಿ. ಗೋಲ್‌ಕೀಪರ್‌ಗೆ ಮಾತ್ರ ಕಣ್ಣು ಕಾಣುತ್ತದೆ. ಚೆಂಡಿನತ್ತ ನುಗ್ಗುವವನು ‘ವಾಯ್’ ಎಂದು ಕೂಗಲೇಬೇಕು, ಇಲ್ಲವಾದರೆ ಫೌಲ್. ಅದು ‘ಹೋಗುತ್ತಿದ್ದೇನೆ’ ಎಂಬರ್ಥದ ಸ್ಪ್ಯಾನಿಷ್ ಮಾತು. ಎದುರಾಳಿಯ ಗೋಲಿನ ಹಿಂದೆ ನಿಂತ ಮಾರ್ಗದರ್ಶಿ ದನಿಯಿಂದಲೇ ದಿಕ್ಕು ತೋರಿಸುತ್ತಾನೆ. ಇದೆಲ್ಲ ನಡೆಯಬೇಕಾದರೆ ಪ್ರೇಕ್ಷಕರು ಮೌನವಾಗಿರಬೇಕು. ಚೆಂಡು ಆಟದಲ್ಲಿರುವಷ್ಟು ಹೊತ್ತು ಉಸಿರು ಬಿಗಿಹಿಡಿದು, ಗೋಲಾದ ಕ್ಷಣದಲ್ಲಿ ಮಾತ್ರ ಕೂಗಬೇಕು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸೇರಿದ ಈ ಆಟದಲ್ಲಿ ಬ್ರೆಜಿಲ್ ಸತತ ಐದು ಚಿನ್ನ ಗೆದ್ದಿತು, 2024ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಆ ಸರಪಳಿಯನ್ನು ಮುರಿಯಿತು. ನಮ್ಮ ದೇಶದ ಅಂಧರ ಫುಟ್‌ಬಾಲ್ ಒಕ್ಕೂಟದ ಕೇಂದ್ರ ಇದೇ ಅರಬ್ಬಿ ಸಮುದ್ರದ ದಂಡೆಯ ಕೊಚ್ಚಿಯಲ್ಲಿದೆ.

ಬೈಠಕ್‌ನಲ್ಲಿ ಕುಳಿತು ರೂಢಿಯಿದ್ದವರಿಗೆ ಈ ಮೌನ ಹೊಸದಲ್ಲ. ಆಲಾಪ ನಡೆಯುವಾಗ ಕೆಮ್ಮನ್ನೂ ತಡೆದುಕೊಂಡು, ಗಾಯಕರು ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದಾಗ ಒಟ್ಟಿಗೆ ತಲೆದೂಗುವ ರಸಿಕರಿಗಿಂತ ಒಳ್ಳೆಯ ಪ್ರೇಕ್ಷಕರು ಅಂಧರ ಫುಟ್‌ಬಾಲಿಗೆ ಎಲ್ಲಿ ಸಿಕ್ಕಾರು? ಯಾವ ಮೂಲೆಯಲ್ಲಿ ದನಿ ಮರುಕಳಿಸುತ್ತದೆ, ಯಾವ ಫ್ಯಾನು ಗುಂಯ್‌ಗುಡುತ್ತದೆ ಎಂಬುದು ಸಭಾಂಗಣದ ಮೈಕ್‌ನವನಿಗೆ ತಿಳಿದಷ್ಟು ಯಾವ ಕ್ರೀಡಾಧಿಕಾರಿಗೂ ತಿಳಿದಿರುವುದಿಲ್ಲ.

ಇದು ಹೊಳೆದದ್ದು ಮನೆಯಲ್ಲಿ ಕುಳಿತಲ್ಲ. ನಾಲ್ಕು ತಿಂಗಳ ಹಿಂದೆ ಭಾನುವಾರದ ಬೆಳಿಗ್ಗೆಗಳಲ್ಲಿ ನಮ್ಮ ಹುಡುಗನನ್ನೂ ಅವನ ಪರಿಚಯದ ಐದಾರು ಮಂದಿಯನ್ನೂ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಕರೆದೊಯ್ಯಲು ಆರಂಭಿಸಿದೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು ಬಿಟ್ಟುಹೋಗುವ ಒದ್ದೆ ಮರಳು ಸಗಣಿ ಸಾರಿಸಿದ ಅಂಗಳದಷ್ಟು ಗಟ್ಟಿಯಾಗಿರುತ್ತದೆ. ಊರುಗೋಲು ಹೂಳುವುದಿಲ್ಲ, ಬಿದ್ದರೆ ಪೆಟ್ಟೂ ಇಲ್ಲ. ಅಲ್ಲಿಗೆ ತಲುಪಲು ದಾಟಬೇಕಾದ ಒಣಮರಳಿನ ಇಪ್ಪತ್ತು ಮಾರು ಮಾತ್ರ ಗಾಲಿಕುರ್ಚಿಗೆ ದೊಡ್ಡ ಕಷ್ಟ. ಹಳೆಯ ಹಲಗೆಗಳನ್ನು ಹಾಸಿ ಸಾಗಿಸಿದೆವು. ನಮ್ಮವನು ಎಡಗಾಲಲ್ಲಿ ಹೊಡೆದ ಮೊದಲ ಗೋಲಿಗೆ ಅವನ ತಾಯಿ ಅತ್ತರು. ಎರಡನೆಯ ವಾರ ಕಣ್ಣು ಕಾಣದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬಂದಳು. ಸದ್ದು ಮಾಡುವ ಚೆಂಡು ನಮ್ಮಲ್ಲಿಲ್ಲದ ಕಾರಣ ಸಾಮಾನ್ಯ ಚೆಂಡಿಗೇ ಪ್ಲಾಸ್ಟಿಕ್ ಕೊಟ್ಟೆ ಸುತ್ತಿ ಕಟ್ಟಿದೆವು, ಉರುಳುವಾಗ ಸರಸರ ಎನ್ನಲೆಂದು. ಐದು ನಿಮಿಷ ಪ್ರಯತ್ನಿಸಿ ಅವಳು ನಿಂತುಬಿಟ್ಟಳು. ‘ಅಲೆ ಶಬ್ದದಲ್ಲಿ ಚೆಂಡು ಎಲ್ಲುಂಟು ಅಂತ್ಲೇ ಗೊತ್ತಾಗೂದಿಲ್ಲ ಸರ್’ ಎಂದಳು.

ಕಡಲನ್ನು ಸುಮ್ಮನಿರಿಸಲು ಯಾರಿಂದ ಸಾಧ್ಯ? ಅವಳಿಗೆ ಬೇಕಾದದ್ದು ನಾಲ್ಕು ಗೋಡೆಯ, ಸದ್ದಿಲ್ಲದ, ಸಮತಟ್ಟಾದ ನೆಲ. ಜೂನ್‌ನಿಂದ ನಾಲ್ಕು ತಿಂಗಳು ಮಳೆ ಹಿಡಿದರೆ ಉಳಿದವರಿಗೂ ಅದೇ ಬೇಕು. ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಡೆಗೆ ಸರಿಸಿದರೆ ಅಭ್ಯಾಸಕ್ಕೆ ಸಾಲುವ ಸಭಾಂಗಣಗಳು ನಮ್ಮ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲೂ ಇವೆ. ಮಳೆಗಾಲದಲ್ಲಿ ಕಾರ್ಯಕ್ರಮಗಳು ಕಡಿಮೆಯಾಗಿ, ಬೀಗ ಹಾಕಿದ ಒಳಾಂಗಣದಲ್ಲಿ ಬೂಷ್ಟು ಬೆಳೆಯುವ ಅದೇ ದಿನಗಳಲ್ಲಿ ಇವರಿಗೆ ಜಾಗದ ಅಗತ್ಯ ಹೆಚ್ಚು.

ಸಂಗೀತ ಸಭೆಯ ಹಿರಿಯರೊಬ್ಬರ ಮುಂದೆ ಈ ವಿಷಯವಿಟ್ಟಾಗ, ‘ಇವೆಲ್ಲ ಕ್ರೀಡಾ ಇಲಾಖೆಯ ಕೆಲಸವಲ್ಲವೇ? ಬಿದ್ದು ಏನಾದರೂ ಆದರೆ ಯಾರು ಹೊಣೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕ್ರೀಡಾ ಸಂಸ್ಥೆಗಳು ಗೆಲ್ಲುವವರನ್ನು ಆರಿಸಿಕೊಳ್ಳುತ್ತವೆ, ಅದು ಅವುಗಳ ಧರ್ಮ. ಬಂದವರನ್ನೆಲ್ಲ ಕೂರಿಸಿ, ಚಹಾ ಕೊಟ್ಟು, ತಡವಾಗಿ ಬಂದವನಿಗೂ ಸರಿದು ಜಾಗ ಮಾಡಿಕೊಡುವುದು ಸಂಗೀತ ಸಭೆಗೆ ಅಭ್ಯಾಸವಾದ ಕೆಲಸ. ನಮಗೆ ಬೇಕಾಗಿರುವುದು ಆ ಗುಣ. ಬೀಳುವ ಭಯದ ಬಗ್ಗೆ ಹೇಳುವುದಾದರೆ, ನಾಲ್ಕು ತಿಂಗಳಲ್ಲಿ ಅತಿ ಹೆಚ್ಚು ಬಿದ್ದವನು ನಾನು.

ನಿಜವಾದ ಅಡ್ಡಿಗಳು ಬೇರೆ, ಅವು ಮೈದಾನಕ್ಕೆ ಬರುವ ಮೊದಲೇ ಇವೆ. ಬಸ್ಸಿನ ರಿಯಾಯಿತಿ ಪಾಸು ಇದ್ದರೂ ಬಸ್ಸಿನ ಮೊದಲ ಮೆಟ್ಟಿಲು ಮೊಳಕಾಲಿಗಿಂತ ಎತ್ತರ. ಸಂಜೆ ಏಳಕ್ಕೆ ಶುರುವಾಗುವ ಸಂಗೀತ ಮುಗಿಯುವ ಹೊತ್ತಿಗೆ ಹಳ್ಳಿಯ ಕೊನೆಯ ಬಸ್ಸು ಹೋಗಿರುತ್ತದೆ. ತಿಂಗಳಿಗೊಂದಾದರೂ ಕಾರ್ಯಕ್ರಮವನ್ನು ಮಧ್ಯಾಹ್ನ ಮೂರಕ್ಕೆ ಇಡಲು ಯಾವ ಖರ್ಚೂ ಇಲ್ಲ, ಮಧ್ಯಾಹ್ನಕ್ಕೆ ಭೀಮಪಲಾಸಿಯಂಥ ರಾಗವಂತೂ ಇದ್ದೇ ಇದೆ. ಶೌಚಾಲಯದ ಬಾಗಿಲು ಗಾಲಿಕುರ್ಚಿಗಿಂತ ಕಿರಿದಾಗಿದ್ದರೆ, ಕುರ್ಚಿಯಲ್ಲಿ ಬರುವ ಹುಡುಗಿ ಬೆಳಿಗ್ಗೆಯಿಂದ ನೀರು ಕುಡಿಯದೆ ಬರುತ್ತಾಳೆ. ಇದನ್ನು ನನಗೆ ತಾಯಂದಿರು ಹೇಳಿದರು, ನನಗಾಗಿ ಹೊಳೆದಿರಲಿಲ್ಲ.

ಆ ಐದು ಮೆಟ್ಟಿಲಿನ ಲೆಕ್ಕವನ್ನೂ ಮಾಡಿದ್ದೇನೆ. ಮೆಟ್ಟಿಲೊಂದಕ್ಕೆ ಆರು ಇಂಚಿನಂತೆ ಒಟ್ಟು ಮೂವತ್ತು ಇಂಚು ಎತ್ತರ. ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕೆಂಬುದು ನಿಯಮವಾದ್ದರಿಂದ ಮೂವತ್ತು ಅಡಿ ಉದ್ದದ ರ‍್ಯಾಂಪ್ ಬೇಕು. ಹಿಂದೆಮುಂದೆ ಎರಡು ಕಾರು ನಿಲ್ಲುವಷ್ಟು ಜಾಗ. ಇದು ಯಾರ ಉದಾರತೆಗೂ ಬಿಟ್ಟ ಸಂಗತಿಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೆಯ ಸೆಕ್ಷನ್ ಸಾಂಸ್ಕೃತಿಕ ಬದುಕಿನ ಬಗ್ಗೆ, 30ನೆಯದು ಕ್ರೀಡೆಯ ಬಗ್ಗೆ ಸರ್ಕಾರದ ಹೊಣೆಯನ್ನು ಹೇಳುತ್ತವೆ. ಸಂಗೀತವೂ ಫುಟ್‌ಬಾಲೂ ಕಾಯ್ದೆಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಪ್ರವೇಶ ಸೌಲಭ್ಯದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ನಮ್ಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆಂದು ಶೇ 5ರ ಅನುದಾನವಿದೆ. ಯಾವ ಮನೆಯಲ್ಲಿ ಯಾರಿದ್ದಾರೆಂದು ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ನಮ್ಮ ಆಟಗಾರರಲ್ಲಿ ಇಬ್ಬರನ್ನು ಕರೆತಂದವರೂ ಅವರೇ.

ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ನಾನು ಹಲವು ಬಾರಿ ತಬಲಾ ನುಡಿಸಲು ಹೋಗಿದ್ದೇನೆ. ಹಾರ, ಭಾಷಣ, ತ್ರಿಚಕ್ರ ವಾಹನಗಳ ವಿತರಣೆ, ಫೋಟೋ. ವಾಹನ ಬೇಕು, ಅದನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಮರುದಿನ ಆ ವಾಹನದಲ್ಲಿ ಕುಳಿತು ಅವರು ಎಲ್ಲಿಗೆ ಹೋಗಬೇಕು? ಪ್ರತಿ ಗುರುವಾರ ಸಂಜೆ ಐದಕ್ಕೆ ತನಗಾಗಿ ಕಾಯುವ ತಂಡವೊಂದಿದೆ, ತಾನು ಬರದಿದ್ದರೆ ಒಬ್ಬ ಕಡಿಮೆಯಾಗುತ್ತಾನೆ ಎಂಬುದು ಇದ್ದರೆ ಆ ವಾಹನಕ್ಕೊಂದು ದಾರಿ ಸಿಗುತ್ತದೆ. ಸಭಾಂಗಣದ ಹೆಸರಿರುವ ಜೆರ್ಸಿ ತೊಟ್ಟ ಆ ಹುಡುಗರೇ ಶನಿವಾರದ ಸಂಗೀತಕ್ಕೆ ಬಾಗಿಲಲ್ಲಿ ನಿಂತು ಟಿಕೆಟ್ ನೋಡಲಿ, ಮೈಕಿನ ವೈರು ಸುತ್ತಲಿ, ಸಮಿತಿಯ ಸಭೆಯಲ್ಲಿ ಕುಳಿತು ಮುಂದಿನ ತಿಂಗಳು ಯಾರನ್ನು ಹಾಡಲು ಕರೆಯಬೇಕೆಂದು ಜಗಳವಾಡಲಿ. ಕರಾವಳಿ ಉತ್ಸವ ನಡೆಯುವ ವರ್ಷ ಮಯೂರವರ್ಮ ವೇದಿಕೆಯ ಮುಂದೆಯೇ ಅವರ ಪಂದ್ಯವೂ ನಡೆಯಲಿ.

ಮೊನ್ನೆ ಒಂದು ಸಂಗೀತ ಸಭೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುರುವಾರಗಳಂದು ತಮ್ಮ ಸಭಾಂಗಣವನ್ನು ಬಾಡಿಗೆಯಿಲ್ಲದೆ ಕೊಡಲು ಒಪ್ಪಿದ್ದಾರೆ. ಅಲ್ಲಿರುವುದು ಎರಡೇ ಮೆಟ್ಟಿಲು. ನಮ್ಮೂರಿನ ಬಡಗಿಯೊಬ್ಬರು ಹನ್ನೆರಡು ಅಡಿಯ ಮರದ ರ‍್ಯಾಂಪ್ ಮಾಡಿಕೊಡುತ್ತಿದ್ದಾರೆ. ಸದ್ದು ಮಾಡುವ ಎರಡು ಚೆಂಡುಗಳನ್ನು ತರಿಸಿದ್ದೇನೆ. ಇನ್ನೂ ಬೇಕಾಗಿರುವುದು ಗೋಲಿನ ಹಿಂದೆ ನಿಂತು ಸ್ಪಷ್ಟವಾಗಿ ದಿಕ್ಕು ಹೇಳಬಲ್ಲ ಇಬ್ಬರು, ಭಾಗವತಿಕೆಯ ಅಭ್ಯಾಸವಿದ್ದವರಾದರೆ ತುಂಬ ಒಳ್ಳೆಯದು, ಮತ್ತು ಗುರುವಾರ ಮಧ್ಯಾಹ್ನ ಅಂಕೋಲಾ ಕಡೆಯಿಂದ ಮೂವರನ್ನು ಕರೆತರಬಲ್ಲ ಒಂದು ವಾಹನ. ಮಳೆ ಶುರುವಾಗುವವರೆಗೆ ಭಾನುವಾರಗಳಂದು ಇಳಿತದ ಹೊತ್ತಿಗೆ ನಾವು ಕಡಲತೀರದಲ್ಲೇ ಇರುತ್ತೇವೆ.